ಬಾಯಿ ಮುಚ್ಚದ ಕೌದಿ

"೨೦೧೨ನೆಯ ಇಸವಿ ಜುಲೈ ೧೭, ಮಂಗಳವಾರ. ನೀಲಾ ಒಂದು ಪ್ರಶ್ನೆ ಕೇಳಿದಳು. ಕತೆಯ ಮೂಲಕ ಉತ್ತರ ಕೊಟ್ಟೆ. ಪರಿಣಾಮ ಮುಂದೆ ಬರೆಯುವುದು."

ನನ್ನ ಹಳೆಯ ದಿನಚರಿಯಲ್ಲಿ ಆ ದಿನದ ಪುಟದಲ್ಲಿ ಇಷ್ಟೇ ಇದೆ. ಪರಿಣಾಮಕ್ಕೆಂದು ಬಿಟ್ಟ ಜಾಗ ಖಾಲಿ ಉಳಿದಿದೆ. ಧಾರವಾಡದಲ್ಲಿ ಬಿ.ಎ. ಓದುತ್ತಿದ್ದಾಗಿನಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಖಾಲಿ ಜಾಗ ಬಿಡುವುದು ನನ್ನ ರೂಢಿಯಲ್ಲ. ಆದ್ದರಿಂದ ಈಗ ಎಲ್ಲವನ್ನೂ ಕ್ರಮವಾಗಿ ಬರೆದಿಡುತ್ತೇನೆ.

ಪ್ರಶ್ನೆ ಇದು:

"ಅಕ್ಕೋರೆ, ಸ್ಫೂರ್ತಿ ಲಗೂನ ಬರಬೇಕಂದ್ರ ಎಲ್ಲಿ ಹುಡುಕಬೇಕ್ರಿ?"

ನೀಲಾ ಎಂದರೆ ನೀಲಾಂಬಿಕಾ. ನಮ್ಮೂರಿನ ಕಾಲೇಜಿನಲ್ಲಿ ನಾನು ಚಿತ್ರಕಲೆ ಕಲಿಸುತ್ತಿದ್ದಾಗ ನನ್ನ ಕೈಯಲ್ಲಿ ಕಲಿತವಳು. ನನ್ನ ಹತ್ತಿರ ಕಲಿತವರೆಲ್ಲ ನನ್ನನ್ನು ಅಕ್ಕೋರೆ ಎಂದೇ ಕರೆಯುತ್ತಾರೆ. ನಾನು ನಿವೃತ್ತಳಾದ ಮೇಲೆ ಅವಳು ಇಬ್ಬರು ಗೆಳತಿಯರನ್ನು ಸೇರಿಸಿಕೊಂಡು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಕೆಲಸ ಶುರು ಮಾಡಿದಳು. ಕೋಣೆ ನನ್ನದು, ಕಂಪ್ಯೂಟರ್ ಅವರದು. ಮನೆಯಲ್ಲಿ ಇದಕ್ಕೆ ವಿರೋಧವಿತ್ತು. ಆ ಕೋಣೆಯನ್ನು ಔಷಧಿ ಅಂಗಡಿಗೆ ಬಾಡಿಗೆ ಕೊಡಬೇಕೆಂದು ನನ್ನ ದೊಡ್ಡ ಮಗ ಹೇಳಿದ. "ಈ ಮನೀ ಕೀಲಿಕೈ ಇನ್ನೂ ನನ್ನ ಸೊಂಟದಾಗ ಐತಿ" ಎಂದು ನಾನು ಹೇಳಿದೆ. ಮಾತು ಅಲ್ಲಿಗೆ ನಿಂತಿತು. ಮುಗಿದಿರಲಿಲ್ಲ.

ಆಗ ಹುಡುಗಿಯರ ಕೈಯಲ್ಲಿ ಒಂದು ದೊಡ್ಡ ಕೆಲಸವಿತ್ತು. ಊರಿನ ಹೊರಗೆ ಬಹಳ ವರ್ಷ ಮುಚ್ಚಿಬಿದ್ದಿದ್ದ ಹತ್ತಿ ಗಿರಣಿಯನ್ನು ಮಲ್ಲೇಶಪ್ಪ ಹತ್ತಿಕಾಳ ಎನ್ನುವವರು ಮದುವೆಯ ಮಂಗಲ ಕಾರ್ಯಾಲಯ ಮಾಡಿದ್ದರು. ಗಿರಣಿ ಅವರ ತಂದೆಯ ಕಾಲದ್ದು. ಗೋಡೆಗೆ ಬಣ್ಣ ಬಳಿಸಿ, ನೆಲಕ್ಕೆ ಹೊಳೆಯುವ ಕಲ್ಲು ಹಾಕಿಸಿದ್ದರು. ಅದಕ್ಕೊಂದು ವೆಬ್‌ಸೈಟ್ ಬೇಕಿತ್ತು. ಶುಕ್ರವಾರದೊಳಗೆ ನಮೂನೆ ತೋರಿಸಬೇಕು, ಇಲ್ಲದಿದ್ದರೆ ಹುಬ್ಬಳ್ಳಿಯಲ್ಲಿ ಒಂದೇ ದಿನದಲ್ಲಿ ಮಾಡಿಕೊಡುವವರು ಇದ್ದಾರೆ ಎಂದು ಹೇಳಿಹೋಗಿದ್ದರು. ಈ ಕೆಲಸ ಕೈತಪ್ಪಿದರೆ ಬೇರೆ ನೌಕರಿ ನೋಡಿಕೊಳ್ಳುವುದಾಗಿ ಗೆಳತಿಯರಿಬ್ಬರೂ ಆಗಲೇ ಸೂಚಿಸಿದ್ದರು. ಆಮೇಲೆ ಆ ಕೋಣೆಯಲ್ಲಿ ನೀಲಾ ಒಬ್ಬಳೇ. ಒಬ್ಬಳಿಗೋಸ್ಕರ ಒಂದು ಕೋಣೆಯನ್ನು ಎಷ್ಟು ದಿನ ಹಿಡಿದಿಡಬಹುದು ಎನ್ನುವ ಪ್ರಶ್ನೆ ನನ್ನ ಮಗನ ಬಾಯಲ್ಲಿ ಸಿದ್ಧವಿತ್ತು.

"ಇಲ್ಲೀತನಕ ಎಲ್ಲೆಲ್ಲಿ ಹುಡುಕೀದಿ?" ಎಂದು ಕೇಳಿದೆ.

"ದೇಶದಾಗಿನ ಮದುವಿ ಹಾಲ್ ಎಲ್ಲಾ ನೋಡೀನ್ರಿ. ಉದಯಪುರದ ಅರಮನಿ ನೋಡಿದೆ. ಇಟಲಿಗೂ ಹೋಗಿ ಬಂದೆ, ಕುಂತಲ್ಲೇ. ಚಂದ ಕಂಡದ್ದೆಲ್ಲಾ ತಗದು ತಗದು ಇಟ್ಟೀನಿ. ನೋಡಿದಷ್ಟೂ ಕೈ ಓಡವಲ್ದು."

"ಮಲ್ಲೇಶಪ್ಪ ಏನಂತಾರ?"

"ಬೆಂಗಳೂರಾಗ ಅರಮನಿಯಂಥ ಹಾಲ್ ಒಂದೈತಂತ್ರಿ. ಅದರಂಗ ಮಾಡು ಅಂದ್ರು. ಗಿರಣಿ ಅನ್ನೂ ಶಬ್ದ ಎಲ್ಲೂ ಬರಬಾರದಂತ. ಮುಚ್ಚಿಹೋದ ಗಿರಣಿ ಅಂದ್ರ ಲಗ್ನಕ್ಕ ಅಪಶಕುನ ಅಂತಾರಂತ ಮಂದಿ. ಅಡ್ಡಹೆಸರ ಹತ್ತಿಕಾಳ, ಅದನ್ನ ಹೆಂಗ ಮುಚ್ಚತಾರೋ ಏನೋ!"

ಗೆಳತಿಯರು ನಕ್ಕರು. ನೀಲಾ ನಗಲಿಲ್ಲ.

ಅವಳ ಮೇಜಿನ ಕೆಳಗೆ ಬಾಯಿ ಕಟ್ಟಿದ ಬಟ್ಟೆಯ ಚೀಲವೊಂದಿತ್ತು. ಅದೇನೆಂದು ಕೇಳಿದೆ.

"ಮಲ್ಲೇಶಪ್ಪನವರ ತಾಯಿ ಕೊಟ್ಟಾರ್ರಿ. ಗಿರಣಿ ಕಾಲದ ಫೋಟೋ ಅಂತ. ಮಗ ಬ್ಯಾಡಂದಾರಲ್ಲ, ಹಂಗಾಗಿ ಬಿಚ್ಚಿ ನೋಡಿಲ್ಲ."

ನಾನು ಕುರ್ಚಿ ಎಳೆದುಕೊಂಡು ಕುಳಿತೆ. "ಕಂಪ್ಯೂಟರ್ ಬಂದ್ ಮಾಡು. ಒಂದು ಕತಿ ಹೇಳ್ತೀನಿ" ಎಂದೆ. ಹೇಳಿದ ಕತೆಯನ್ನು ಬರವಣಿಗೆಗೆ ತಕ್ಕ ಹಾಗೆ ತಿದ್ದಿ ಇಲ್ಲಿ ಇಡುತ್ತಿದ್ದೇನೆ.

ಒಂದು ಊರಿನಲ್ಲಿ ಕೌದಿ ಹೊಲಿಯುವ ಹೆಂಗಸೊಬ್ಬಳಿದ್ದಳು.

ಆ ಕಡೆ ಕೌದಿಯನ್ನು ಅಂಗಡಿಯಿಂದ ತರುವುದಿಲ್ಲ. ಕೌದಿ ಬೇಕಾದ ಮನೆಯವರು ತಮ್ಮ ಹಳೆಯ ಬಟ್ಟೆಗಳನ್ನು ಗಂಟು ಕಟ್ಟಿ ಇಡುತ್ತಾರೆ. ಹೊಲಿಯುವವಳು ಆ ಮನೆಗೆ ಬರುತ್ತಾಳೆ. ಪಡಸಾಲೆಯಲ್ಲಿ ಕುಳಿತು ಗಂಟು ಬಿಚ್ಚುತ್ತಾಳೆ. ಅಜ್ಜನ ಧೋತರ, ಅಜ್ಜಿಯ ಸೀರೆ, ಮಕ್ಕಳ ಅಂಗಿ, ಎಲ್ಲವನ್ನೂ ತುಂಡು ಮಾಡಿ ಒಂದರ ಪಕ್ಕ ಒಂದಿಟ್ಟು ಹೊಲಿಯುತ್ತಾಳೆ. ಮೈಮೇಲಿನಿಂದ ಇಳಿದ ಬಟ್ಟೆ ಮತ್ತೆ ಅದೇ ಮನೆಯವರ ಮೈಮೇಲೆ ಬರುತ್ತದೆ.

ಕೊನೆಯ ಮೂಲೆಯನ್ನು ಮಾತ್ರ ಅವಳು ಹೊಲಿಯುವುದಿಲ್ಲ. ಅದನ್ನು ಕೌದಿಯ ಬಾಯಿ ಎನ್ನುತ್ತಾರೆ. ಕೌದಿ ಹಸಿದಿರಬಾರದೆಂದು ಆ ಬಾಯಿಯೊಳಗೆ ಹೋಳಿಗೆಯ ಚೂರೊಂದನ್ನು ಇಡುತ್ತಾರೆ. ಆಮೇಲೆ ಮನೆಯ ಹೆಂಗಸು ತನ್ನ ಕೈಯಿಂದಲೇ ಅದನ್ನು ಹೊಲಿದು ಮುಚ್ಚುತ್ತಾಳೆ. ಬಾಯಿ ಮುಚ್ಚದ ಕೌದಿಯನ್ನು ಆ ಊರಿನಲ್ಲಿ ಯಾರೂ ಹೊದೆಯುವುದಿಲ್ಲ. ಮಗುವಿಗಂತೂ ಹೊದಿಸುವುದೇ ಇಲ್ಲ.

ಈ ಹೆಂಗಸಿನ ಕೈ ಚೆನ್ನಾಗಿತ್ತು. ಹೊಲಿಗೆ ಸಣ್ಣದು, ಸಾಲು ನೇರ. ಕರೆಗಳು ಹೆಚ್ಚಾದವು. ಒಂದು ಮನೆಯಲ್ಲಿ ಹೊಲಿಯುತ್ತಿರುವಾಗಲೇ ಇನ್ನೊಂದು ಮನೆಯವರು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು.

ಹೊಲಿಯುವುದರಲ್ಲಿ ಅವಳಿಗೆ ತಡವಾಗುತ್ತಿರಲಿಲ್ಲ. ಯಾವುದನ್ನು ಎಲ್ಲಿ ಇಡಬೇಕು ಎಂದು ತೋಚುವುದರಲ್ಲಿ ತಡವಾಗುತ್ತಿತ್ತು. ಅದಕ್ಕೆ ಕಾರಣವಿತ್ತು. ಗಂಟು ಕೊಡುವಾಗ ಪ್ರತಿ ಮನೆಯವರೂ ಏನಾದರೊಂದನ್ನು ತೋರಿಸಿ, "ಇದು ಕಾಣಬಾರದು" ಎನ್ನುತ್ತಿದ್ದರು. ಒಬ್ಬರಿಗೆ ತೇಪೆ ಹಾಕಿದ ಅಂಗಿ ಕಾಣಬಾರದು. ಒಬ್ಬರಿಗೆ ವಿಧವೆ ಅತ್ತೆಯ ಸೀರೆ ಕಾಣಬಾರದು. ಒಬ್ಬರಿಗೆ ಮಗ ಜೈಲಿನಿಂದ ತೊಟ್ಟು ಬಂದ ಅಂಗಿ ಕಾಣಬಾರದು. ಕಾಣಬಾರದ್ದನ್ನು ಕೆಳಗೆ ಹಾಕಿ, ಅದರ ಮೇಲೆ ಮುಚ್ಚಲು ಚಂದದ ತುಂಡು ಹುಡುಕಬೇಕು. ಇದ್ದದ್ದು ಸಾಲುತ್ತಿರಲಿಲ್ಲ. ಮುಚ್ಚಿದ ಕಡೆ ಉಬ್ಬು ಬರುತ್ತಿತ್ತು. ಬಿಚ್ಚಿ ಮತ್ತೆ ಇಡಬೇಕಾಗುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಬಟ್ಟೆಗಳ ನಡುವೆ ಅವಳು ಸುಮ್ಮನೆ ಕುಳಿತಿರುತ್ತಿದ್ದಳು. ಮನೆಯವರು ಇಣುಕಿ ನೋಡಿ ಹೋಗುತ್ತಿದ್ದರು.

"ಹೊಲಿಯಲು ಕರೆದೆವೋ, ಊಟಕ್ಕೆ ಕರೆದೆವೋ" ಎಂದು ಒಂದು ಮನೆಯ ಸೊಸೆ ಒಳಗೆ ಹೇಳಿದ್ದು ಅವಳ ಕಿವಿಗೆ ಬಿತ್ತು.

ಅಂದಿನಿಂದ ಅವಳಿಗೆ ಒಂದೇ ಚಿಂತೆಯಾಯಿತು. ಬೇಗ ತೋಚಬೇಕು.

ಅವಳು ಬಡಿಗನಿಗೆ ಹೇಳಿ ಒಂದು ಪೆಟ್ಟಿಗೆ ಮಾಡಿಸಿದಳು. ಹೋದ ಮನೆಯಲ್ಲೆಲ್ಲ ಚಂದ ಕಂಡ ಬಟ್ಟೆಯಿಂದ ಒಂದು ತುಂಡು ಕೇಳಿ ಪಡೆದಳು. ಇಳಕಲ್ ಸೀರೆಯ ಸೆರಗು ಬಂತು. ರುಮಾಲಿನ ಜರಿ ಬಂತು. ಊರ ದೇಸಾಯಿಯ ಮನೆಗೆ ಅವಳು ಹೊಲಿದ ಕೌದಿಯನ್ನು ಎಲ್ಲರೂ ಹೊಗಳಿದ್ದರು. ಅಲ್ಲಿ ಮಿಕ್ಕ ತುಂಡುಗಳನ್ನು ಅದೇ ಕ್ರಮದಲ್ಲಿ ಜೋಡಿಸಿ, ದಾರ ಕಟ್ಟಿ, ಪೆಟ್ಟಿಗೆಯಲ್ಲಿ ಬೇರೆಯಾಗಿ ಇಟ್ಟುಕೊಂಡಳು.

ಹೊಸ ಮನೆಗೆ ಹೋಗುವ ಮೊದಲು ಪೆಟ್ಟಿಗೆ ತೆರೆಯುವುದು ಅವಳಿಗೆ ರೂಢಿಯಾಯಿತು. ಒಂದೊಂದನ್ನೇ ತೆಗೆದು ಬೆಳಕಿಗೆ ಹಿಡಿಯುತ್ತಿದ್ದಳು. ಇದು ಚಂದ. ಅದು ಇದಕ್ಕಿಂತ ಚಂದ. ಮಡಚಿ ಇಡುತ್ತಿದ್ದಳು. ಮತ್ತೊಂದನ್ನು ತೆಗೆಯುತ್ತಿದ್ದಳು. ಸಂಜೆಯಾಗುತ್ತಿತ್ತು. ಮೊದಲು ಗಂಟಿನ ಮುಂದೆ ತಡವಾಗುತ್ತಿತ್ತು. ಈಗ ಪೆಟ್ಟಿಗೆಯ ಮುಂದೂ ತಡವಾಯಿತು.

ಇಲ್ಲಿ ನೀಲಾ ನಡುವೆ ಬಾಯಿ ಹಾಕಿದಳು. "ಅಕ್ಕೋರೆ, ಇದು ನನ್ನ ಸುದ್ದೀನ ಹೇಳಾಕ ಹತ್ತೀರಲ್ರಿ" ಎಂದಳು.

"ನಿನ್ನ ಸುದ್ದಿ ಹೇಳಾಕ ಕತಿ ಯಾಕ ಬೇಕಿತ್ತು? ಬೈದಿದ್ರ ಸಾಕಾಗಿತ್ತು. ಸುಮ್ಮನ ಕೇಳು" ಎಂದೆ.

ಆ ಊರಿನಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿಯಿದ್ದ. ಹರೆಯದಲ್ಲಿ ಅವನು ದೂರದ ಒಂದು ಪೇಟೆಯಲ್ಲಿ ಹಮಾಲಿ ಮಾಡಿದವನು. ಮೆಣಸಿನಕಾಯಿಯ ಚೀಲಗಳನ್ನು ಹೆಗಲ ಮೇಲೆ ಹೊರುತ್ತಿದ್ದ. ಅವನ ಹೆಂಡತಿ ಅದೇ ಪೇಟೆಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಮುಂದೆ ಅವನು ಈ ಊರಿಗೆ ಬಂದು ಸ್ವಂತ ಅಂಗಡಿ ಇಟ್ಟ. ಮಾಳಿಗೆಯ ಮನೆ ಕಟ್ಟಿಸಿದ. ಮನೆ ಕಟ್ಟಿದ ಮೇಲೆ ಹಮಾಲಿಯ ಮಾತನ್ನು ಆ ಮನೆಯಲ್ಲಿ ಯಾರೂ ಆಡುವಂತಿರಲಿಲ್ಲ. ಬಹಳ ವರ್ಷಗಳ ನಂತರ ಅವರಿಗೆ ಒಂದು ಹೆಣ್ಣು ಮಗು ಹುಟ್ಟಿತು.

ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂತು. ವ್ಯಾಪಾರಿ ಕೌದಿಯವಳನ್ನು ಕರೆಸಿದ.

"ದೇಸಾಯರ ಮನೆಗೆ ಹೊಲಿದೆಯಲ್ಲ, ಅಂಥದ್ದೇ ನನ್ನ ಮಗಳ ತೊಟ್ಟಿಲಿಗೆ ಬೇಕು. ಅದಕ್ಕಿಂತ ಬೇಗ ಬೇಕು" ಎಂದ.

"ನಿಮ್ಮ ಗಂಟು ಕೊಡಿರಿ" ಎಂದಳು ಅವಳು.

ಅವನ ಹೆಂಡತಿ ಬಾಣಂತಿಯ ಕೋಣೆಯಿಂದ ಒಂದು ಗಂಟು ಕಳಿಸಿದಳು. ವ್ಯಾಪಾರಿ ಅದನ್ನು ಕಾಲಿನಿಂದ ಮೂಲೆಗೆ ಸರಿಸಿದ.

"ಅದರಲ್ಲಿ ಚಿಂದಿ ಬಿಟ್ಟು ಬೇರೇನೂ ಇಲ್ಲ. ನಿನ್ನ ಪೆಟ್ಟಿಗೆಯಲ್ಲಿ ಒಳ್ಳೊಳ್ಳೆಯ ತುಂಡುಗಳಿವೆಯಂತೆ. ಅವುಗಳಿಂದ ಹೊಲಿ" ಎಂದ.

ಕೌದಿಯವಳಿಗೆ ಹಗುರೆನಿಸಿತು. ಗಂಟು ಬಿಚ್ಚಬೇಕಾಗಿಲ್ಲ. ಮುಚ್ಚಲು ತುಂಡು ಹುಡುಕಬೇಕಾಗಿಲ್ಲ. ದೇಸಾಯಿಯ ಕೌದಿಯ ತುಂಡುಗಳು ದಾರ ಕಟ್ಟಿದಂತೆ ಕ್ರಮದಲ್ಲೇ ಇದ್ದವು. ಸಾಲದ್ದನ್ನು ಬೇರೆ ಮನೆಗಳ ತುಂಡುಗಳಿಂದ ತುಂಬಿದಳು. ಅಷ್ಟು ಬೇಗ ಅವಳು ಎಂದೂ ಹೊಲಿದಿರಲಿಲ್ಲ. ತೊಟ್ಟಿಲಿನ ದಿನ ಬರುವ ಮೊದಲೇ ಕೌದಿ ಸಿದ್ಧವಾಯಿತು. ಗಂಟು ಪಡಸಾಲೆಯ ಮೂಲೆಯಲ್ಲಿ ಕಟ್ಟಿದ ಹಾಗೆಯೇ ಬಿದ್ದಿತ್ತು.

ಆ ದಿನ ಊರಿನ ದೊಡ್ಡವರೆಲ್ಲ ಬಂದರು. ದೇಸಾಯಿಯೂ ಬಂದ. ಕೌದಿಯನ್ನು ಪಡಸಾಲೆಯ ನಡುವೆ ಹಾಸಿದರು. ಬಂದವರು ಸುತ್ತ ನಿಂತು ನೋಡಿದರು.

"ನಮ್ಮ ಮನೆಯದನ್ನೇ ತಂದು ಹಾಸಿದಂತಿದೆ" ಎಂದ ದೇಸಾಯಿ.

ವ್ಯಾಪಾರಿಗೆ ಅದಕ್ಕಿಂತ ದೊಡ್ಡ ಮಾತು ಬೇಕಿರಲಿಲ್ಲ.

ತಟ್ಟೆಯಲ್ಲಿ ಹೋಳಿಗೆಯ ಚೂರು ಬಂತು. ದಾರ ಪೋಣಿಸಿದ ಸೂಜಿ ಬಂತು. ವ್ಯಾಪಾರಿಯ ಹೆಂಡತಿ ಮಗುವನ್ನು ತನ್ನ ತಾಯಿಯ ಕೈಗೆ ಕೊಟ್ಟು ಕೌದಿಯ ಮುಂದೆ ಬಂದು ಕುಳಿತಳು. ಸೂಜಿಯನ್ನು ತೆಗೆದುಕೊಳ್ಳಲಿಲ್ಲ. ಕೌದಿಯ ಮೇಲೆ ಕೈಯಾಡಿಸಿದಳು. ಮಗುಚಿ ಹಿಂಭಾಗ ನೋಡಿದಳು. ಮತ್ತೆ ಮಗುಚಿದಳು.

"ಇದರಲ್ಲಿ ನಮ್ಮದು ಯಾವುದು?" ಎಂದು ಕೇಳಿದಳು.

ಬಂದವರು ವ್ಯಾಪಾರಿಯ ಕಡೆ ತಿರುಗಿದರು.

"ಎಲ್ಲಾ ನಮ್ಮದೇ. ಬಾಯಿ ಮುಚ್ಚು" ಎಂದ ವ್ಯಾಪಾರಿ.

"ಇದು ದೇಸಾಯರ ಹಿರಿಯ ಸೊಸೆಯ ಸೆರಗು. ಇದು ಶೆಟ್ಟರ ಮಗಳ ಲಂಗ. ಇದು ಯಾರದೋ ರುಮಾಲು. ಊರಿನವರೆಲ್ಲ ಇಲ್ಲಿದ್ದಾರೆ. ನೀನಿಲ್ಲ. ನಾನಿಲ್ಲ. ನಿನ್ನನ್ನು ಹೆತ್ತವಳಿಲ್ಲ. ನನ್ನ ಮಗಳು ಯಾರ ಮನೆಯಲ್ಲಿ ಮಲಗಬೇಕು?"

"ಜನ ನೋಡುತ್ತಿದ್ದಾರೆ."

"ನೋಡಲಿ" ಎಂದಳು. "ಈ ಬಾಯಿಯನ್ನು ನಾನು ಮುಚ್ಚುವುದಿಲ್ಲ."

ವ್ಯಾಪಾರಿಯ ಅಕ್ಕ ಮುಂದೆ ಬಂದಳು. "ಇತ್ತ ಕೊಡು, ನಾನು ಹೊಲಿಯುತ್ತೇನೆ. ಮುಹೂರ್ತ ಮೀರುತ್ತದೆ" ಎಂದಳು.

"ನಿಮ್ಮ ಮನೆಯ ಕೌದಿಗೆ ಹೊಲಿಯಿರಿ, ಅಕ್ಕಾ" ಎಂದಳು ಬಾಣಂತಿ. ಸೂಜಿಯನ್ನು ತಟ್ಟೆಯಿಂದ ತೆಗೆದು ತನ್ನ ಸೆರಗಿಗೆ ಸಿಕ್ಕಿಸಿಕೊಂಡಳು.

ಕೌದಿಯವಳು ಬಾಗಿಲ ಹತ್ತಿರ ನಿಂತಿದ್ದಳು. ಯಾವ ಮನೆಯ ಹೆಂಗಸೂ ಅವಳ ಕೌದಿಯ ಮುಂದೆ ಹೀಗೆ ಕುಳಿತಿರಲಿಲ್ಲ. ಅವಳ ಕಣ್ಣು ಮೂಲೆಯ ಗಂಟಿನ ಮೇಲೆ ಬಿತ್ತು. ಅವಳು ಹೋಗಿ ಅದನ್ನು ಎತ್ತಿ ತಂದು ಪಡಸಾಲೆಯ ನಡುವೆ ಇಟ್ಟಳು. ದೇಸಾಯಿಯ ನಮೂನೆಯ ಕೌದಿಯನ್ನು ಮಡಚಿ ಪಕ್ಕಕ್ಕಿಟ್ಟಳು.

ವ್ಯಾಪಾರಿ ಅಡ್ಡ ಬಂದ. "ಅದನ್ನು ಬಿಚ್ಚಿದರೆ ಈ ಊರಿನಲ್ಲಿ ಇನ್ನೊಂದು ಕೌದಿ ಹೊಲಿಯುವುದಿಲ್ಲ ನೀನು. ಹೊಲಿಯಲು ನಾನು ಬಿಡುವುದಿಲ್ಲ" ಎಂದ.

ಅವಳು ಅವನ ಮುಖ ನೋಡಿದಳು.

"ಹಾಗಾದರೆ ಇದನ್ನು ಚೆನ್ನಾಗಿ ಹೊಲಿಯಬೇಕು" ಎಂದಳು. ಗಂಟು ಬಿಚ್ಚಿದಳು.

ಗಂಟು ಬಿಚ್ಚಿದೊಡನೆ ಘಾಟು ಎದ್ದಿತು. ಮುಂದೆ ಕುಳಿತ ದೇಸಾಯಿ ಸೀನಿದ. ಅವನ ಪಕ್ಕದವನು ಸೀನಿದ. ಹೆಂಗಸರು ಸೆರಗನ್ನು ಮೂಗಿಗೆ ಒತ್ತಿಕೊಂಡು ಸೀನಿದರು. ಮಕ್ಕಳು ಸೀನುತ್ತ ನಕ್ಕರು. ಆ ಮನೆ ಎಲ್ಲಿಂದ ಬಂತೆಂದು ಊರಿನ ದೊಡ್ಡವರಿಗೆಲ್ಲ ಒಂದೇ ಸಲಕ್ಕೆ ತಿಳಿಯಿತು. ಯಾರೂ ಹೇಳಬೇಕಾಗಲಿಲ್ಲ.

ಗಂಟಿನಲ್ಲಿ ಹಮಾಲಿಯ ಹೆಗಲ ಬಟ್ಟೆ ಇತ್ತು. ಅದರಲ್ಲಿ ಮೆಣಸಿನಕಾಯಿಯ ಕೆಂಪು ಇಳಿದಿತ್ತು. ತೊಟ್ಟು ಮುರಿಯುವಾಗ ಹೆಂಡತಿ ಮೂಗಿಗೆ ಕಟ್ಟಿಕೊಳ್ಳುತ್ತಿದ್ದ ಸೀರೆಯ ತುಂಡು ಇತ್ತು. ವ್ಯಾಪಾರಿಯ ತಾಯಿಯ ಕುಬಸವಿತ್ತು. ಒಂದು ಹರಿದ ಧೋತರವಿತ್ತು. ಬೇರೇನೂ ಇರಲಿಲ್ಲ.

ವ್ಯಾಪಾರಿಯ ಹೆಂಡತಿ ಆ ಬಟ್ಟೆಗಳನ್ನು ಬಾಚಿಕೊಂಡು ಬಚ್ಚಲಿಗೆ ಹೋದಳು.

"ಬಾಣಂತಿ ನೀರಿಗೆ ಕೈ ಹಾಕಬಾರದು" ಎಂದು ಹಿಂದಿನಿಂದ ಯಾರೋ ಕೂಗಿದರು.

"ಹಂಡೆಯ ನೀರು ಬಿಸಿಯಿದೆ" ಎಂದಳು.

ಘಾಟು ಹೋಗುವವರೆಗೆ ಒಗೆದಳು. ಮಾಳಿಗೆಯ ಮೇಲೆ ಬಿಸಿಲು ಚೆನ್ನಾಗಿತ್ತು. ಬಟ್ಟೆ ಒಣಗುವಷ್ಟರಲ್ಲಿ ಬಂದವರು ಉಂಡರು. ಕೆಲವರು ಎದ್ದು ಹೋದರು. ಕೆಲವರು ಮುಂದೇನಾಗುವುದೋ ನೋಡೋಣವೆಂದು ಕುಳಿತರು.

ಕೌದಿಯವಳು ಒಣಗಿದ ಬಟ್ಟೆಗಳನ್ನು ನೆಲದ ಮೇಲೆ ಹರಡಿದಳು. ಈ ಸಲ ಸುಮ್ಮನೆ ಕೂರಲಿಲ್ಲ. ಹೆಗಲ ಬಟ್ಟೆ ಚೀಲ ಹೊತ್ತ ಕಡೆ ಸವೆದಿತ್ತು, ಉಳಿದ ಕಡೆ ಗಟ್ಟಿ ಇತ್ತು. ಗಟ್ಟಿ ಇದ್ದದ್ದನ್ನು ಕತ್ತರಿಸಿ ನಡುವೆ ಇಟ್ಟಳು. ಕೆಂಪು ಕಲೆಯನ್ನು ಮೇಲ್ಮುಖವಾಗಿಯೇ ಇಟ್ಟಳು. ಸೀರೆಯ ತುಂಡು ಉದ್ದವಾಗಿತ್ತು. ಅದು ಅಂಚಿಗೆ ಹೋಯಿತು. ಕುಬಸದ ತೋಳುಗಳು ಮೂಲೆಗೆ ಹೋದವು. ಧೋತರ ಅಡಿಭಾಗಕ್ಕೆ ಹೋಯಿತು. ಇಟ್ಟದ್ದನ್ನು ಒಮ್ಮೆಯೂ ತೆಗೆದು ಬೇರೆ ಕಡೆ ಇಡಲಿಲ್ಲ. ತೊಟ್ಟಿಲಿನ ಕೌದಿ ಚಿಕ್ಕದು. ದೀಪ ಹಚ್ಚುವ ಹೊತ್ತಿಗೆ ಮುಗಿಯಿತು.

ಅಂಥ ಕೌದಿಯನ್ನು ಆ ಊರು ನೋಡಿರಲಿಲ್ಲ.

ವ್ಯಾಪಾರಿಯ ಹೆಂಡತಿ ಸೆರಗಿನಿಂದ ಸೂಜಿ ತೆಗೆದಳು. ಹೋಳಿಗೆಯ ಚೂರನ್ನು ಒಳಗಿಟ್ಟು ಬಾಯಿ ಮುಚ್ಚಿದಳು. ಮಗುವನ್ನು ತೊಟ್ಟಿಲಿಗೆ ಹಾಕಿ ಕೌದಿ ಹೊದಿಸಿದಳು. ಮಗು ಒಮ್ಮೆ ಸೀನಿತು. ಆಮೇಲೆ ಮಲಗಿತು.

ನಾನು ಕತೆ ನಿಲ್ಲಿಸಿದೆ. ಗೆಳತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಆಕಿಗೆ ಮುಂದ ಆ ಊರಾಗ ಕೆಲಸ ಸಿಕ್ಕಿತೇನ್ರಿ?" ಎಂದು ನೀಲಾ ಕೇಳಿದಳು.

"ಇಲ್ಲ. ವ್ಯಾಪಾರಿ ತನ್ನ ಮಾತಿನಂಗ ನಡಕೊಂಡ. ಆಕಿ ಪೆಟ್ಟಿಗೀನ ಅಲ್ಲೇ ಬಿಟ್ಟು ಬ್ಯಾರೆ ಊರಿಗೆ ಹ್ವಾದ್ಳು."

ನೀಲಾ ತನ್ನ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. "ಅದು ಇರಲ್ರಿ. ದಿನಗಟ್ಲೆ ಕುಂತ್ರೂ ಆಕಿಗೆ ತೋಚತಿದ್ದಿಲ್ಲ. ಅವತ್ತು ಅಷ್ಟು ಮಂದಿ ಮುಂದ, ಅಷ್ಟು ಲಗೂನ ಹೆಂಗ ತೋಚಿತ್ರಿ?"

"ಮುಚ್ಚಿಡೂದು ಏನೂ ಉಳಿದಿದ್ದಿಲ್ಲ" ಎಂದೆ.

ನೀಲಾ ಬಗ್ಗಿ, ಮೇಜಿನ ಕೆಳಗಿನ ಚೀಲವನ್ನು ಎಳೆದುಕೊಂಡಳು.

ಖಾಲಿ ಬಿಟ್ಟ ಜಾಗದಲ್ಲಿ ಬರೆಯಬೇಕಾದದ್ದು ಇಷ್ಟು.

ಚೀಲದಲ್ಲಿದ್ದ ಒಂದು ಫೋಟೋದಲ್ಲಿ ಹತ್ತಿ ಆರಿಸುವ ಹೆಂಗಸರು ಗಿರಣಿಯ ಸೂರಿನ ಕೆಳಗೆ ಸಾಲಾಗಿ ಕುಳಿತಿದ್ದರು. ಹತ್ತಿಯ ಎಳೆಗಳು ಅವರ ತಲೆಯ ಮೇಲೆ, ಹೆಗಲ ಮೇಲೆ ಅಕ್ಷತೆಯ ಹಾಗೆ ಬಿದ್ದಿದ್ದವು. ನೀಲಾ ಅದನ್ನೇ ಮೊದಲ ಪುಟದಲ್ಲಿಟ್ಟಳು. ಅದೇ ಸೂರಿನ ಕೆಳಗೆ ಈಗ ನಡೆಯುವ ಮದುವೆಯ ಫೋಟೋವನ್ನು ಅದರ ಕೆಳಗಿಟ್ಟಳು. ಬಣ್ಣ ಯಾವುದಿರಬೇಕು, ಅಕ್ಷರ ಎಷ್ಟಿರಬೇಕು ಎಂದು ಆಮೇಲೆ ಅವಳು ಯಾವ ಅರಮನೆಯನ್ನೂ ನೋಡಲಿಲ್ಲ. ಗುರುವಾರ ಮಧ್ಯಾಹ್ನ ಕೆಲಸ ಮುಗಿದಿತ್ತು.

ಶುಕ್ರವಾರ ಮಲ್ಲೇಶಪ್ಪನವರು ತಾಯಿಯನ್ನು ಕರೆದುಕೊಂಡು ಬಂದರು. ನೋಡಿ ಕೆಂಪಾದರು.

"ನನ್ನ ಹಾಲಿನ್ಯಾಗ ಕೂಲಿ ಹೆಣ್ಣಮಕ್ಕಳಿಗೇನು ಕೆಲಸ? ತಗೀ ಅದನ್ನ" ಎಂದರು.

"ಅವರ ಮೊಮ್ಮಕ್ಕಳ ಲಗ್ನಾನ ನಿಮ್ಮ ಹಾಲಿನ್ಯಾಗ ನಡದಾವಲ್ರಿ. ತಗಿಯೂದಿಲ್ರಿ" ಎಂದಳು ನೀಲಾ.

"ಅಕ್ಕೋರೆ, ನೀವರ ಹೇಳ್ರಿ ಈಕಿಗೆ" ಎಂದು ಅವರು ನನ್ನ ಕಡೆ ತಿರುಗಿದರು.

"ನಾನು ಹೇಳೂದು ಮಂಗಳವಾರನ ಹೇಳಿ ಮುಗಿಸೀನಿ" ಎಂದೆ.

ಹುಬ್ಬಳ್ಳಿಯವರಿಂದಲೇ ಮಾಡಿಸುತ್ತೇನೆಂದು ಅವರು ಎದ್ದು ಹೊರಗೆ ಹೋದರು. ಅವರ ತಾಯಿ ಮಾತ್ರ ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. "ಇಕಿ ಕಲ್ಲವ್ವ. ಇಕಿ ದ್ಯಾಮವ್ವ. ಇಕಿ ಹಾಡು ಹೇಳಾಕಿ" ಎಂದು ಒಬ್ಬೊಬ್ಬರನ್ನೇ ಗುರುತಿಸುತ್ತ ಕುಳಿತರು. ಮಲ್ಲೇಶಪ್ಪನವರು ಹೊರಗೆ ಕಾರಿನ ಹಾರ್ನ್ ಬಾರಿಸುತ್ತಿದ್ದರು.

ಕೊನೆಗೆ ತೆತ್ತದ್ದು ಹೀಗಿದೆ. ಆ ಕೆಲಸ ಹೋಯಿತು. ಇಬ್ಬರು ಗೆಳತಿಯರಲ್ಲಿ ಒಬ್ಬಳು ಬೇರೆ ನೌಕರಿಗೆ ಹೋದಳು, ಇನ್ನೊಬ್ಬಳು ಉಳಿದಳು. ಕೋಣೆ ಔಷಧಿ ಅಂಗಡಿಯಾಗಲಿಲ್ಲ. ಅದಕ್ಕಾಗಿ ನನ್ನ ದೊಡ್ಡ ಮಗ ಆ ದೀಪಾವಳಿಯವರೆಗೆ ನನ್ನೊಡನೆ ಮಾತಾಡಲಿಲ್ಲ. ಮುಂದಿನ ವರ್ಷ ನಮ್ಮ ಮೊಮ್ಮಗಳ ಮದುವೆಗೆ ಮಲ್ಲೇಶಪ್ಪನವರು ಕಾರ್ಯಾಲಯ ಕೊಡಲಿಲ್ಲ. ನಾನು ಎರಡನೆಯ ಸಲ ಕೇಳಲಿಲ್ಲ. ಮನೆಯ ಮುಂದೆ ಹಂದರ ಹಾಕಿ ಮದುವೆ ಮಾಡಿದೆವು. ಎರಡನೆಯ ಪಂಕ್ತಿ ಕುಳಿತಾಗ ಮಳೆ ಬಂತು. ಹಂದರ ಸೋರಿತು. ಹೋಳಿಗೆ ನೆನೆದವು. ಬಂದವರು ನೆನೆದ ಹೋಳಿಗೆಯನ್ನೇ ಉಂಡು ಹೋದರು.